ಮೊಟ್ಟೆ ಇಡುವ ಬಾತುಕೋಳಿಯ ಆರೋಗ್ಯ: ನೀರು, ಮೇವು, ನೆಲ, ಬೆಳಕು

ಕೃಷಿ ಹೊಂಡ ತೆಗೆಸಿದವರು, ಅಡಿಕೆ ತೋಟದ ಪಕ್ಕ ಒಂದಿಷ್ಟು ಜಾಗ ಇರುವವರು, ಹೋಮ್‌ಸ್ಟೇ ನಡೆಸುವವರು, ಊರ ಹೊರಗಿನ ಸೈಟಿನಲ್ಲಿ ಮನೆ ಕಟ್ಟಿಕೊಂಡವರು, ಹೀಗೆ ಹಲವರ ಅಂಗಳಕ್ಕೆ ಈಗ ನಾಲ್ಕಾರು ಬಾತುಗಳು ಬಂದಿವೆ. ಮರಿ ತಂದ ಐದಾರು ತಿಂಗಳಿಗೆ ಮೊಟ್ಟೆ ಶುರುವಾಗುತ್ತದೆ. ಅದರ ಹಿಂದೆಯೇ ಪ್ರಶ್ನೆಗಳೂ ಶುರುವಾಗುತ್ತವೆ. ದಿನಾ ಇಡುತ್ತಿದ್ದದ್ದು ಯಾಕೆ ನಿಲ್ಲಿಸಿತು? ಚಿಪ್ಪೇ ಇಲ್ಲದ ಮೊಟ್ಟೆ ಬಿದ್ದಿದೆಯಲ್ಲ? ಕಣ್ಣು ಅಂಟಿಕೊಂಡಿದೆ, ಕಾಲು ಎಳೆಯುತ್ತಿದೆ, ಏನು ಮಾಡೋದು?

ಕೋಳಿ ಸಾಕಿ ಗೊತ್ತಿರುವ ಅಕ್ಕಪಕ್ಕದವರು ಹೇಳುವ ಉತ್ತರ ಇಲ್ಲಿ ಅರ್ಧದಷ್ಟೇ ಹೊಂದುತ್ತದೆ. ಬಾತಿನ ಕಣ್ಣು, ಕಾಲು, ಗರಿ, ಯಕೃತ್ತು ಎಲ್ಲವೂ ನೀರಿನಲ್ಲಿ ಬದುಕುವ ಹಕ್ಕಿಗೆ ತಕ್ಕಂತೆ ಇವೆ. ಕೆಲವು ವಿಷಯದಲ್ಲಿ ಬಾತು ಕೋಳಿಗಿಂತ ಗಟ್ಟಿ, ಕೆಲವು ವಿಷಯದಲ್ಲಿ ತೀರಾ ನಾಜೂಕು. ಎಲ್ಲಿ ನಾಜೂಕು ಎಂದು ತಿಳಿದುಕೊಂಡರೆ ಸಾಕುವುದು ಕಷ್ಟವಲ್ಲ.

ಒಂದು ಮೊಟ್ಟೆಗೆ ಮೈ ಏನೇನು ಕೊಡುತ್ತದೆ

ನಮ್ಮಲ್ಲಿ ಮೊಟ್ಟೆಗೆಂದೇ ಸಾಕುವ ತಳಿಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಖಾಕಿ ಕ್ಯಾಂಪ್‌ಬೆಲ್. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತ್ಯದ ಯೂಲಿ ಎಂಬ ಹಳ್ಳಿಯಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಬೇರೆ ಬೇರೆ ಬಾತುಗಳನ್ನು ಕೂಡಿಸಿ ಬೆಳೆಸಿದ ತಳಿ ಇದು. 1898ರಲ್ಲಿ ಮೊದಲ ಕ್ಯಾಂಪ್‌ಬೆಲ್ ಬಾತು ಹೊರಬಂತು, 1901ರಲ್ಲಿ ಖಾಕಿ ಬಣ್ಣದ್ದು. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಈ ತಳಿಯನ್ನೂ, ಮಾಂಸಕ್ಕೆ ಸಾಕುವ ಬಿಳಿ ಪೆಕಿನ್ ತಳಿಯನ್ನೂ ಕಾಪಾಡಿಕೊಂಡು ಬಂದಿದೆ.

ಚೆನ್ನಾಗಿ ನೋಡಿಕೊಂಡರೆ ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 280ರ ಆಸುಪಾಸು ಮೊಟ್ಟೆ ಇಡುತ್ತದೆ. ಒಂದೊಂದೂ 65ರಿಂದ 70 ಗ್ರಾಂ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 19 ಕಿಲೋ ಆಯಿತು. ಬಾತಿನ ತೂಕ ಇರುವುದು ಎರಡು ಕಿಲೋ ಅಷ್ಟೇ. ತನ್ನ ಮೈತೂಕದ ಒಂಬತ್ತು ಪಟ್ಟನ್ನು ಅದು ಒಂದೇ ವರ್ಷದಲ್ಲಿ ಮೊಟ್ಟೆಯಾಗಿ ಕೊಟ್ಟುಬಿಡುತ್ತದೆ. ಮೊಟ್ಟೆ ಬಾತಿನ ಆರೈಕೆಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಲೆಕ್ಕದಿಂದ ಹೊರಡಬೇಕು. ಹೊರಗೆ ಹೋಗುತ್ತಿರುವುದು ಒಳಗೆ ಬರುತ್ತಿದೆಯೇ? ಬರದಿದ್ದರೆ ಬಾತು ತಕ್ಷಣ ಮೊಟ್ಟೆ ನಿಲ್ಲಿಸುವುದಿಲ್ಲ. ಮೊದಲು ತನ್ನ ಮೈಯನ್ನೇ ಕರಗಿಸಿಕೊಳ್ಳುತ್ತದೆ.

ಚಿಪ್ಪಿನ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿ ಇರುವ ವಸ್ತುವೇ. ಒಂದು ಚಿಪ್ಪಿಗೆ ಎರಡೂವರೆ ಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ, ಬಾತು ಏನೂ ತಿನ್ನದೆ ಕುಳಿತಿರುವ ಹೊತ್ತಿನಲ್ಲಿ. ಆಗ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಮೊಟ್ಟೆ ಶುರುವಾಗುವ ಮುಂಚೆ ಹೆಣ್ಣು ಹಕ್ಕಿಯ ಕಾಲಿನ ಮೂಳೆಗಳ ಪೊಳ್ಳಿನಲ್ಲಿ ಒಂದು ಬಗೆಯ ಮೆತ್ತನೆಯ ಮೂಳೆ ಹೊಸದಾಗಿ ಬೆಳೆಯುತ್ತದೆ. ಹಿಂದಿನವರು ಸುಗ್ಗಿಯಲ್ಲಿ ಹಗೇವಿಗೆ ಜೋಳ ತುಂಬಿಟ್ಟು ಬೇಕಾದಾಗ ತೆಗೆಯುತ್ತಿದ್ದಂತೆ, ಹಗಲಲ್ಲಿ ತಿಂದ ಕ್ಯಾಲ್ಸಿಯಂ ಅಲ್ಲಿ ಸೇರುತ್ತದೆ, ರಾತ್ರಿ ಚಿಪ್ಪಿಗೆ ಹೋಗುತ್ತದೆ. ತಿನಿಸಿನಲ್ಲಿ ಕ್ಯಾಲ್ಸಿಯಂ ಸಾಲದೆ ಹೋದರೆ ಈ ಮೀಸಲು ಬರಿದಾಗಿ ಗಟ್ಟಿ ಮೂಳೆಯೇ ಸವೆಯತೊಡಗುತ್ತದೆ. ಮೊದಲು ಚಿಪ್ಪು ತೆಳ್ಳಗಾಗುತ್ತದೆ, ಆಮೇಲೆ ಚಿಪ್ಪಿಲ್ಲದ ತೊಗಲು ಮೊಟ್ಟೆ ಬೀಳುತ್ತದೆ, ಕೊನೆಗೆ ಬಾತು ಕುಂಟುತ್ತದೆ. ತೊಗಲು ಮೊಟ್ಟೆ ಒಂದೆರಡು ಬಾರಿ ಬಿದ್ದರೆ ಗಾಬರಿ ಬೇಡ. ಹೊಸದಾಗಿ ಮೊಟ್ಟೆಗೆ ಬಂದ ಬಾತಿನಲ್ಲಿ ಅದು ಸಾಮಾನ್ಯ. ಮತ್ತೆ ಮತ್ತೆ ಬಿದ್ದರೆ ಮಾತ್ರ ತಿನಿಸನ್ನು ನೋಡಬೇಕು.

ಕೆರೆ ಇಲ್ಲದಿದ್ದರೂ ಆದೀತು, ತಲೆ ಮುಳುಗುವಷ್ಟು ನೀರು ಬೇಕೇ ಬೇಕು

ಬಾತು ಸಾಕಲು ಕೆರೆಯೋ ಹೊಂಡವೋ ಇರಲೇಬೇಕೆಂದು ಹಲವರು ಹಿಂಜರಿಯುತ್ತಾರೆ. ಮೊಟ್ಟೆ ಇಡಲು ಈಜುವ ನೀರು ಕಡ್ಡಾಯವಲ್ಲ. ಆದರೆ ಕೋಳಿಗೆ ಇಡುವ ಪ್ಲಾಸ್ಟಿಕ್ ಡ್ರಿಂಕರ್ ಇಟ್ಟು ಸುಮ್ಮನಾದರೆ ಬಾತಿಗೆ ಕಷ್ಟ ಶುರುವಾಗುತ್ತದೆ.

ಬಾತು ತಿನ್ನುವುದನ್ನು ಹತ್ತಿರದಿಂದ ನೋಡಿ. ಕೊಕ್ಕು ತುಂಬ ಹಿಟ್ಟು ತೆಗೆದುಕೊಳ್ಳುತ್ತದೆ, ಓಡಿಹೋಗಿ ನೀರಿಗೆ ಕೊಕ್ಕು ಹಾಕಿ ಅಲ್ಲಾಡಿಸುತ್ತದೆ, ಮತ್ತೆ ಮೇವಿನ ಹತ್ತಿರ ಬರುತ್ತದೆ. ಪ್ರತಿ ತುತ್ತಿಗೂ ಇದೇ ಓಡಾಟ. ಒಣ ಹಿಟ್ಟು ಕೊಕ್ಕಿಗೂ ಗಂಟಲಿಗೂ ಅಂಟಿಕೊಳ್ಳುವುದರಿಂದ ನೀರಿಲ್ಲದೆ ಅದಕ್ಕೆ ನುಂಗಲಾಗುವುದಿಲ್ಲ, ಗಂಟಲಲ್ಲಿ ಸಿಕ್ಕಿಕೊಂಡು ಸತ್ತುಹೋಗುವುದೂ ಉಂಟು. ಮೇವು ಇಟ್ಟಿದ್ದೀರಿ ಎಂದರೆ ಪಕ್ಕದಲ್ಲೇ ನೀರೂ ಇರಬೇಕು. ರಾತ್ರಿ ಗೂಡಿನಲ್ಲಿ ನೀರು ಇಡುವುದಿಲ್ಲವಾದರೆ ಮೇವನ್ನೂ ಇಡಬೇಡಿ.

ಇನ್ನು ನೀರಿನ ಆಳ. ಬಾತಿನ ಮೂಗಿನ ಹೊಳ್ಳೆಗಳು ಕೊಕ್ಕಿನ ಬುಡದಲ್ಲಿ, ಕಣ್ಣಿಗೆ ಹತ್ತಿರದಲ್ಲೇ ಇವೆ. ಹೊಳ್ಳೆ ಮತ್ತು ಕಣ್ಣು ತೊಳೆದುಕೊಳ್ಳಲು ಅದು ಇಡೀ ತಲೆಯನ್ನು ನೀರಿಗೆ ಅದ್ದಿ ಕೊಡವಬೇಕು. ಹಾಗಾಗಿ ನೀರಿನ ಪಾತ್ರೆ ಐದಾರು ಇಂಚು ಆಳ ಇರಲಿ. ತಲೆ ಅದ್ದಲು ಆಗದಿದ್ದರೆ ಕಣ್ಣಿನ ಸುತ್ತ ಪಿಸುರು ಕಟ್ಟಿ, ರೆಪ್ಪೆ ಊದಿ, ಅಲಕ್ಷ್ಯ ಮಾಡಿದರೆ ದೃಷ್ಟಿಯೇ ಹೋಗಬಹುದು. ಅಂಟಿದ ಕಣ್ಣಿಗೆ ಔಷಧಿ ಹುಡುಕುವ ಮುಂಚೆ ನೀರಿನ ಪಾತ್ರೆಯನ್ನು ನೋಡಿ ಎನ್ನುವುದು ಇದಕ್ಕೇ. ಹಳೆಯ ಬಕೆಟ್ಟನ್ನು ಅರ್ಧಕ್ಕೆ ಕತ್ತರಿಸಿದರೂ ಸಾಕು. ಎರಡು ಹೊತ್ತು ನೀರು ಚೆಲ್ಲಿ, ಪಾತ್ರೆ ಉಜ್ಜಿ, ಹೊಸ ನೀರು ತುಂಬಬೇಕು. ಬಾತು ನೀರನ್ನು ಹೊಲಸು ಮಾಡುವುದು ಅದರ ಸ್ವಭಾವ, ಬದಲಾಯಿಸುವುದು ನಮ್ಮ ಕೆಲಸ. ಪಾತ್ರೆಯ ಸುತ್ತ ಕೆಸರಾಗದಂತೆ ಅದನ್ನು ಮರಳು ಹರಡಿದ ಜಾಗದಲ್ಲಿ ಇಡಿ.

ವಾರಕ್ಕೆ ಒಂದೆರಡು ಬಾರಿಯಾದರೂ ಮೈ ಮುಳುಗುವ ನೀರು ಸಿಕ್ಕರೆ ಗರಿಗಳು ಚೆನ್ನಾಗಿರುತ್ತವೆ. ಬಾಲದ ಬುಡದಲ್ಲಿ, ಬೆನ್ನಿನ ಮೇಲುಗಡೆ, ಬಾತಿಗೆ ಎಣ್ಣೆಯ ಗ್ರಂಥಿ ಇದೆ. ಮಿಂದು ಬಂದ ಮೇಲೆ ಕೊಕ್ಕಿನಿಂದ ಅದನ್ನು ಒತ್ತಿ, ಎಣ್ಣೆಯನ್ನು ಒಂದೊಂದೇ ಗರಿಗೆ ಸವರಿಕೊಳ್ಳುತ್ತದೆ. ನೀರೇ ಕಾಣದ ಬಾತು ಈ ಕೆಲಸವನ್ನು ಕಡಿಮೆ ಮಾಡುತ್ತದೆ, ಗರಿ ಒರಟಾಗಿ ಕೊಳೆ ಹಿಡಿಯುತ್ತದೆ. ಹೀಗೆ ಗರಿ ಕೆಟ್ಟ ಬಾತನ್ನು ದಿಢೀರನೆ ಆಳದ ಹೊಂಡಕ್ಕೆ ಬಿಟ್ಟರೆ ಮೈಯೆಲ್ಲ ನೆನೆದು, ಭಾರವಾಗಿ, ಮುಳುಗಲೂಬಹುದು.

ಕೃಷಿ ಹೊಂಡ ಇರುವವರಿಗೆ ಒಂದು ಎಚ್ಚರಿಕೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ. ಇಳಿದ ಬಾತಿಗೆ, ಅದರಲ್ಲೂ ಮರಿಗಳಿಗೆ, ಹತ್ತಿ ಬರಲು ಆಗದೆ ಈಜಿ ಈಜಿ ಸುಸ್ತಾಗುತ್ತವೆ. ಅಡ್ಡಪಟ್ಟಿ ಹೊಡೆದ ಹಲಗೆಯನ್ನೋ, ದಪ್ಪ ಹಗ್ಗದ ಬಲೆಯನ್ನೋ ಒಂದು ಕಡೆಯಿಂದ ನೀರಿನೊಳಗೆ ಇಳಿಬಿಡದೆ ಬಾತುಗಳನ್ನು ಅಲ್ಲಿಗೆ ಬಿಡಬೇಡಿ.

ಮೇವು: ಅನ್ನ ಹಾಕಿ ಮೊಟ್ಟೆ ಕೇಳಿದರೆ ಆಗದು

ಅಂಗಳದ ಬಾತುಗಳಲ್ಲಿ ಕಾಣುವ ತೊಂದರೆಗಳ ಬೇರು ಬಹಳ ಕಡೆ ಇಲ್ಲೇ ಇದೆ ಎಂದು ನನ್ನ ಅನಿಸಿಕೆ. ಉಳಿದ ಅನ್ನ, ನುಚ್ಚಕ್ಕಿ, ಬ್ರೆಡ್ಡು ಹಾಕಿದರೆ ಬಾತು ಸಂತೋಷದಿಂದಲೇ ತಿನ್ನುತ್ತದೆ. ಹೊಟ್ಟೆ ತುಂಬುತ್ತದೆ, ಕೊಬ್ಬು ಸೇರುತ್ತದೆ. ಆದರೆ ಮೊಟ್ಟೆಗೆ ಬೇಕಾದ ಪ್ರೋಟೀನೂ ಕ್ಯಾಲ್ಸಿಯಮ್ಮೂ ಅದರಲ್ಲಿ ಸಾಲದು. ಕೊಬ್ಬಿದ ಬಾತಿಗೆ ಮೊಟ್ಟೆ ಸಿಕ್ಕಿಕೊಳ್ಳುವ ಅಪಾಯವೂ ಹೆಚ್ಚು.

ಮೊಟ್ಟೆ ಇಡುವ ಬಾತಿನ ತಿನಿಸಿನಲ್ಲಿ 16ರಿಂದ 18% ಪ್ರೋಟೀನು, 3% ಆಸುಪಾಸು ಕ್ಯಾಲ್ಸಿಯಂ ಇರಬೇಕು. ಬಾತಿಗೆಂದೇ ಮಾಡಿದ ಫೀಡು ಎಲ್ಲ ಕಡೆ ಸಿಗುವುದಿಲ್ಲ. ಮೊಟ್ಟೆ ಕೋಳಿಯ ಲೇಯರ್ ಮ್ಯಾಶ್ ಬಹುಮಟ್ಟಿಗೆ ಇದಕ್ಕೆ ಹೊಂದುತ್ತದೆ. ಖಾಕಿ ಕ್ಯಾಂಪ್‌ಬೆಲ್ ದಿನಕ್ಕೆ 120ರಿಂದ 170 ಗ್ರಾಂ ತಿನ್ನುತ್ತದೆ. ಹೊರಗೆ ಮೇಯಲು ಎಷ್ಟು ಸಿಗುತ್ತದೆ ಎಂಬುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. ಮ್ಯಾಶಿಗೆ ನೀರು ಚಿಮುಕಿಸಿ ಕಲಸಿ ಕೊಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು, ಆ ಹದ ಸಾಕು. ಅಂಬಲಿಯ ಹಾಗೆ ನೀರಾಗಿಸಬೇಡಿ. ಒಂದೆರಡು ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಇಟ್ಟು, ಉಳಿದದ್ದನ್ನು ತೆಗೆದುಬಿಡಿ. ಕಲಸಿದ ಹಿಟ್ಟು ನಮ್ಮ ಹವೆಯಲ್ಲಿ ಬೇಗ ಹುಳಿಯುತ್ತದೆ.

ಕ್ಯಾಲ್ಸಿಯಮ್ಮಿಗೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಿನಲ್ಲಿ ಇಡುವುದು ಒಳ್ಳೆಯದು. ಮೊಟ್ಟೆ ಕಟ್ಟುತ್ತಿರುವ ಬಾತು ಸಂಜೆ ಹೊತ್ತು ತನಗೆ ಬೇಕಾದಷ್ಟು ತಾನೇ ಆರಿಸಿಕೊಂಡು ತಿನ್ನುತ್ತದೆ. ಎಲ್ಲರ ಮೇವಿಗೂ ಬೆರೆಸಿಬಿಟ್ಟರೆ ಅದರ ಅಗತ್ಯವಿಲ್ಲದ ಗಂಡು ಬಾತುಗಳೂ ತಿನ್ನಬೇಕಾಗುತ್ತದೆ. ಬೆಳೆಯುವ ಮರಿಗಳಿಗಂತೂ ಲೇಯರ್ ಫೀಡು ಕೊಡಲೇಬಾರದು, ಹೆಚ್ಚಿನ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ.

ಕೋಳಿಗೂ ಬಾತಿಗೂ ದೊಡ್ಡ ವ್ಯತ್ಯಾಸ ಇರುವುದು ನಿಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ನಿನಲ್ಲಿ. ಬಾತು ಮರಿಗೆ ಇದು ಕೋಳಿಮರಿಗಿಂತ ಸುಮಾರು ಎರಡು ಪಟ್ಟು ಬೇಕು. ಕೋಳಿಮರಿಯ ಫೀಡಿನಲ್ಲೇ ಬೆಳೆದ ಬಾತು ಮರಿಗಳ ಕಾಲು ಬಾಗಿ, ಹಿಮ್ಮಡಿಯ ಗಂಟು ಊದಿ, ನಡೆಯಲು ಕಷ್ಟಪಡುವುದು ಇದರ ಕೊರತೆಯಿಂದ. ಅಡುಗೆಗೆ ಬಳಸುವ ಜೀವಂತ ಯೀಸ್ಟ್ ಇದಕ್ಕೆ ಬೇಡ. ಪಶು ಆಹಾರದ ಅಂಗಡಿಯಲ್ಲಿ ಸಿಗುವ ಒಣ ಬ್ರೂವರ್ಸ್ ಯೀಸ್ಟನ್ನು ತಿನಿಸಿಗೆ ಬೆರೆಸಬಹುದು, ಇಲ್ಲವೇ ಪಶುವೈದ್ಯರನ್ನು ಕೇಳಿ ಬಿ ಕಾಂಪ್ಲೆಕ್ಸ್ ದ್ರಾವಣವನ್ನು ನೀರಿಗೆ ಹಾಕಬಹುದು. ಮೀನಿನಲ್ಲೂ ಇದು ಚೆನ್ನಾಗಿದೆ. ಕರಾವಳಿಯವರು ಮೀನು ಕತ್ತರಿಸಿದ ಮೇಲೆ ಉಳಿದದ್ದನ್ನು ಬೇಯಿಸಿ ಸ್ವಲ್ಪ ಕೊಡಬಹುದು, ಉಪ್ಪು ಹಾಕಿ ಒಣಗಿಸಿದ ಮೀನು ಮಾತ್ರ ಬೇಡ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ಗೊತ್ತಾಗದೆ ಸತ್ತವು, ಬಾತು ಮರಿಗಳೂ ಸತ್ತವು. ಹುಡುಕುತ್ತಾ ಹೋದಾಗ ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಶಿಲೀಂಧ್ರದ ವಿಷ ಸಿಕ್ಕಿತು. ಅದೇ ಅಫ್ಲಾಟಾಕ್ಸಿನ್. ಈ ವಿಷ ಯಕೃತ್ತನ್ನು ಹಾಳುಮಾಡುತ್ತದೆ, ಸಾಕು ಹಕ್ಕಿಗಳಲ್ಲಿ ಬಾತಿಗೆ ಇದನ್ನು ತಡೆಯುವ ಶಕ್ತಿ ತೀರಾ ಕಡಿಮೆ. ಕೋಳಿ ತಿಂದು ಅರಗಿಸಿಕೊಂಡ ಮೇವು ಬಾತನ್ನು ಕೊಲ್ಲಬಹುದು. ಬೇಯಿಸಿದರೂ ವಿಷ ಹೋಗುವುದಿಲ್ಲ, ಬೂಷ್ಟು ಹಿಡಿದ ಭಾಗ ತೆಗೆದು ಉಳಿದದ್ದನ್ನು ಹಾಕಿದರೂ ಆಗುವುದಿಲ್ಲ, ಏಕೆಂದರೆ ಕಣ್ಣಿಗೆ ಕಾಣದಲ್ಲೂ ಅದು ಹರಡಿರುತ್ತದೆ. ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ, ತೌಡು ಈ ಮೂರನ್ನು ಮಳೆಗಾಲದಲ್ಲಿ ಕೊಳ್ಳುವಾಗ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೇಡ. ಮಲೆನಾಡು ಮತ್ತು ಕರಾವಳಿಯಲ್ಲಿ ಒಮ್ಮೆಗೆ ಹದಿನೈದು ದಿನಕ್ಕಾಗುವಷ್ಟು ಮಾತ್ರ ತಂದು, ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಿ. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಮೇವು ತಂದರೆ ಇಡೀ ಹಿಂಡು ಹೋಗಬಹುದು.

ಹೊರಗೆ ಮೇಯಲು ಬಿಟ್ಟರೆ ಬಾತು ಬಸವನಹುಳು, ಎರೆಹುಳು, ಗೆದ್ದಲು, ಎಳೆ ಹುಲ್ಲು ಹುಡುಕಿ ತಿನ್ನುತ್ತದೆ. ಬೆಲೆಯಿಲ್ಲದೆ ಸಿಗುವ ಒಳ್ಳೆಯ ಪ್ರೋಟೀನು ಇದು, ತೋಟಕ್ಕೂ ಉಪಕಾರ. ನೀರಿನ ಮೇಲೆ ತೇಲುವ ಅಜೋಲ್ಲಾ ಎಂಬ ಸಣ್ಣ ಗಿಡವನ್ನು ಬೆಳೆದುಕೊಂಡರೆ ಅದನ್ನೂ ಇಷ್ಟಪಟ್ಟು ತಿನ್ನುತ್ತದೆ. ಕೀಟನಾಶಕ ಹೊಡೆದ ಗದ್ದೆಗೆ, ಬಸವನಹುಳಕ್ಕೋ ಇಲಿಗೋ ವಿಷ ಇಟ್ಟ ತೋಟಕ್ಕೆ ಮಾತ್ರ ಬಿಡಬೇಡಿ. ಕಟ್ಟಡದ ಕೆಲಸ ಆದ ಜಾಗದಲ್ಲಿ ಬಿದ್ದ ಮೊಳೆ, ತಂತಿಯ ತುಂಡು, ಸ್ಕ್ರೂಗಳನ್ನು ಹೆಕ್ಕಿ ತೆಗೆಯಿರಿ. ಹೊಳೆಯುವುದನ್ನೆಲ್ಲ ನುಂಗುವ ಚಾಳಿ ಬಾತಿಗೆ ಇದೆ.

ಕಾಲು ಮತ್ತು ನೆಲ

ಬಾತಿನ ಪಾದದ ಚರ್ಮ ಮೆತ್ತಗೆ. ಅದು ಕೆಸರಿಗೂ ನೀರಿಗೂ ಹೇಳಿ ಮಾಡಿಸಿದ್ದು. ಒರಟು ಕಾಂಕ್ರೀಟು, ಜಲ್ಲಿ, ತಂತಿ ಜಾಲರಿಯ ಮೇಲೆ ದಿನವಿಡೀ ನಡೆದರೆ ಅಂಗಾಲು ಸವೆದು ಸಣ್ಣ ಗಾಯವಾಗುತ್ತದೆ. ಹಿಕ್ಕೆಯ ಮೇಲೆ ನಡೆಯುವಾಗ ಆ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿ ಒಳಗೆ ಕೀವು ಗಟ್ಟಿಯಾಗುತ್ತದೆ. ಅಂಗಾಲು ಊದಿ ನಡುವೆ ಕಪ್ಪು ಹೆಕ್ಕಳೆ ಕಂಡರೆ ಇದೇ ಎಂದು ತಿಳಿಯಿರಿ. ಆರಂಭದಲ್ಲೇ ನೋಡಿದರೆ ಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಅಯೋಡಿನ್ ಹಚ್ಚಿ, ಮೆತ್ತನೆಯ ಒಣ ಹಾಸಿನ ಮೇಲೆ ಬಿಟ್ಟರೆ ವಾಸಿಯಾಗುತ್ತದೆ. ಊತ ಬೆಳೆದ ಮೇಲೆ ಮನೆಯಲ್ಲಿ ಬ್ಲೇಡು ಹಾಕುವ ಸಾಹಸ ಬೇಡ, ಪಶುವೈದ್ಯರಿಗೆ ತೋರಿಸಿ.

ಬಾತನ್ನು ಕೋಳಿಯ ಹಾಗೆ ಕಾಲು ಹಿಡಿದು ಎತ್ತಲೇಬಾರದು. ಭಾರವಾದ ಮೈಗೆ ಹೋಲಿಸಿದರೆ ಕಾಲುಗಳು ದುರ್ಬಲ, ಕೀಲು ತಪ್ಪುತ್ತದೆ ಇಲ್ಲವೇ ಮೂಳೆ ಮುರಿಯುತ್ತದೆ. ಒಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು, ಇನ್ನೊಂದರಿಂದ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ಎತ್ತಿ.

ರಾತ್ರಿಯ ಗೂಡು, ಬೆಳಗಿನ ಮೊಟ್ಟೆ

ರಾತ್ರಿ ಒಂದೊಂದು ಬಾತಿಗೆ ಮೂರರಿಂದ ನಾಲ್ಕು ಚದರ ಅಡಿ ಜಾಗ ಬೇಕು. ಬಾತು ಕೋಳಿಯಂತೆ ಕೊಂಬೆ ಹತ್ತಿ ಕೂರುವುದಿಲ್ಲ, ನೆಲದ ಮೇಲೇ ಮಲಗುತ್ತದೆ. ಹಾಗಾಗಿ ಭತ್ತದ ಹೊಟ್ಟು ಅಥವಾ ಹುಲ್ಲನ್ನು ದಪ್ಪಗೆ ಹಾಸಿ, ಮೇಲ್ಪದರ ಒದ್ದೆಯಾದ ಕೂಡಲೇ ಒಣಗಿದ್ದನ್ನು ಸೇರಿಸಬೇಕು. ಹಗಲೆಲ್ಲ ನೀರಿನಲ್ಲಿ ಇದ್ದರೂ ರಾತ್ರಿ ಮಲಗುವ ಜಾಗ ಒಣಗಿರಲೇಬೇಕು. ಗೂಡಿನ ಮೇಲ್ಭಾಗದಲ್ಲಿ ಗಾಳಿ ಆಡಲು ಜಾಲರಿ ಇರಲಿ, ಅದು ಮುಂಗುಸಿಯೂ ನುಸುಳದಷ್ಟು ಸಣ್ಣ ಕಣ್ಣಿನದಾಗಿರಲಿ. ಬಾತಿಗೆ ಹಾರಿ ತಪ್ಪಿಸಿಕೊಳ್ಳಲು ಆಗದು. ಬೀದಿನಾಯಿ, ಕಾಡುಬೆಕ್ಕು, ನರಿಗೆ ಒಂದೇ ರಾತ್ರಿ ಸಾಕು.

ಬಹುಪಾಲು ಮೊಟ್ಟೆ ಬೆಳಿಗ್ಗೆ 9ರೊಳಗೆ ಬೀಳುತ್ತವೆ. ಅದಕ್ಕೇ ಅಷ್ಟು ಹೊತ್ತು ಗೂಡಿನಲ್ಲೇ ಬಿಟ್ಟು ಆಮೇಲೆ ಹೊರಗೆ ಬಿಡುತ್ತಾರೆ. ಬೇಗ ಬಿಟ್ಟರೆ ಪೊದೆಯಲ್ಲೋ ನೀರಿನಲ್ಲೋ ಇಟ್ಟು ಬರುತ್ತವೆ, ನಾವು ಮೊಟ್ಟೆ ನಿಂತಿತೆಂದು ಕೊರಗುತ್ತಿರುತ್ತೇವೆ. ಮೂರು ಬಾತಿಗೆ ಒಂದರಂತೆ, ಒಂದಡಿ ಅಗಲ ಒಂದೂವರೆ ಅಡಿ ಉದ್ದದ ಪೆಟ್ಟಿಗೆಗೆ ಹುಲ್ಲು ಹಾಕಿ ನೆಲದ ಮೇಲೇ ಇಟ್ಟರೆ ಮೊಟ್ಟೆ ಶುಚಿಯಾಗಿ ಸಿಗುತ್ತವೆ.

ಮೊಟ್ಟೆಗೆ ಗಂಡು ಬಾತು ಬೇಕಿಲ್ಲ, ಮರಿ ಮಾಡಿಸುವುದಿದ್ದರೆ ಮಾತ್ರ ಐದಾರು ಹೆಣ್ಣಿಗೆ ಒಂದು ಗಂಡು. ಗಂಡುಗಳು ಹೆಚ್ಚಾದರೆ ಹೆಣ್ಣುಗಳ ಕತ್ತಿನ ಹಿಂಭಾಗದ ಗರಿ ಕಿತ್ತು ಗಾಯವಾಗುತ್ತದೆ. ನೀರಿನಲ್ಲಿ ಮೇಲೆ ಮೇಲೆ ಹತ್ತಿ ಹೆಣ್ಣನ್ನು ಮುಳುಗಿಸಿಬಿಡುವುದೂ ಇದೆ. ಗುರುತಿಸುವುದು ಸುಲಭ: ಜೋರಾಗಿ ಕ್ವಾಕ್ ಎನ್ನುವುದು ಹೆಣ್ಣು, ಗೊಗ್ಗರು ದನಿಯದು ಗಂಡು. ಬೆಳೆದ ಗಂಡಿನ ಬಾಲದ ಮೇಲೆ ಸುರುಳಿ ಗರಿ ಇರುತ್ತದೆ.

ಕೈಗೆತ್ತಿಕೊಂಡು ನೋಡುವ ಅಭ್ಯಾಸ

ಬಾತು ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ಬೇಟೆಯಾಗುವ ಪ್ರಾಣಿಗಳ ಸ್ವಭಾವ ಅದು. ಕಣ್ಣಿಗೆ ಕಾಣುವಷ್ಟು ಮಂಕಾಗುವ ಹೊತ್ತಿಗೆ ತಡವಾಗಿರುತ್ತದೆ. ಹದಿನೈದು ದಿನಕ್ಕೊಮ್ಮೆ, ಸಂಜೆ ಗೂಡಿಗೆ ಸೇರಿಸುವಾಗ, ಒಂದೊಂದನ್ನೇ ಎತ್ತಿಕೊಂಡು ನೋಡಿ.

ಮೊದಲು ಎದೆ. ಎದೆಯ ನಡುವೆ ಉದ್ದಕ್ಕೆ ಒಂದು ಮೂಳೆ ಇದೆ. ಬೆರಳಾಡಿಸಿದರೆ ಮೂಳೆಯ ಅಂಚು ಸಿಗಬೇಕು, ಎರಡೂ ಬದಿಯ ಮಾಂಸ ತುಂಬಿಕೊಂಡಿರಬೇಕು. ಅಂಚು ಚೂಪಾಗಿ ಎದ್ದು ಬದಿಗಳು ಗುಳಿ ಬಿದ್ದಿದ್ದರೆ ಬಾತು ಸೊರಗಿದೆ. ಒತ್ತಿದರೂ ಮೂಳೆ ಸಿಗದೆ ಮೆತ್ತಗಿದ್ದರೆ ಕೊಬ್ಬಿದೆ. ಗರಿ ಮೈ ಮುಚ್ಚಿಕೊಂಡಿರುವುದರಿಂದ ದೂರದಿಂದ ಇವೆರಡೂ ಗೊತ್ತಾಗುವುದಿಲ್ಲ. ಚೀಲದಲ್ಲಿ ಕೂರಿಸಿ ತೂಕ ಮಾಡಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಮೊಟ್ಟೆ ಇಡುತ್ತಲೇ ತೂಕ ಇಳಿಯುತ್ತಿದ್ದರೆ ಮೇವು ಸಾಲುತ್ತಿಲ್ಲ ಎಂದೇ ಅರ್ಥ.

ಕಣ್ಣು ಹೊಳೆಯುತ್ತಿರಬೇಕು, ಹೊಳ್ಳೆಗಳು ತೆರೆದಿರಬೇಕು. ಅಂಗಾಲು ತಿರುಗಿಸಿ ನೋಡಿ. ಆಮೇಲೆ ಬಾಲದ ಕೆಳಗೆ. ಮೊಟ್ಟೆ ಇಡುವ ಬಾತಿನ ದ್ವಾರ ಅಗಲವಾಗಿ ತೇವವಾಗಿರುತ್ತದೆ, ಅದರ ಎರಡೂ ಬದಿಯ ಮೂಳೆಯ ತುದಿಗಳ ನಡುವೆ ಎರಡು ಮೂರು ಬೆರಳು ಹಿಡಿಯುತ್ತವೆ. ಇಡದ ಬಾತಿನಲ್ಲಿ ಅದು ಸಣ್ಣದಾಗಿ ಒಣಗಿರುತ್ತದೆ, ಮೂಳೆಗಳು ಹತ್ತಿರ ಬಂದಿರುತ್ತವೆ. ಐದು ಬಾತಿಗೆ ಮೂರೇ ಮೊಟ್ಟೆ ಬರುತ್ತಿದ್ದರೆ ಇಡದವು ಯಾವುವು ಎಂದು ಹೀಗೆ ಕಂಡುಹಿಡಿಯಬಹುದು. ದ್ವಾರದ ಸುತ್ತಲ ಗರಿಗೆ ಹಿಕ್ಕೆ ಮೆತ್ತಿದ್ದರೆ ತೊಳೆದು ಒರೆಸಿ, ಇಲ್ಲದಿದ್ದರೆ ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ಅಂದಹಾಗೆ ಬಾತಿನ ಹಿಕ್ಕೆ ಸಹಜವಾಗಿಯೇ ನೀರುನೀರಾಗಿರುತ್ತದೆ. ಅದನ್ನು ಭೇದಿ ಎಂದುಕೊಂಡು ಔಷಧಿ ಹಾಕಬೇಡಿ.

ಮೊಟ್ಟೆ ನಿಂತಾಗ

ನಿಂತದ್ದೆಲ್ಲ ಕಾಯಿಲೆಯಲ್ಲ. ವರ್ಷಕ್ಕೊಮ್ಮೆ ಬಾತು ಹಳೆಯ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ಗರಿ ಎಂದರೆ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನು. ಮೊಟ್ಟೆ ಮತ್ತು ಗರಿ ಎರಡಕ್ಕೂ ಒಟ್ಟಿಗೆ ಒದಗಿಸಲಾಗದೆ ಮೈ ಮೊಟ್ಟೆಯನ್ನು ಕೈಬಿಡುತ್ತದೆ. ಗೂಡಿನ ತುಂಬ ಗರಿ ಬಿದ್ದಿದ್ದು, ಬಾತು ಲವಲವಿಕೆಯಿಂದ ತಿನ್ನುತ್ತಿದ್ದರೆ ಒಂದೆರಡು ತಿಂಗಳು ಕಾಯಿರಿ. ಮೊಟ್ಟೆ ಇಲ್ಲವೆಂದು ಮೇವು ಇಳಿಸಬೇಡಿ, ಆ ದಿನಗಳಲ್ಲಿ ಒಳ್ಳೆಯ ತಿನಿಸು ಇನ್ನೂ ಮುಖ್ಯ.

ಎರಡನೆಯ ಕಾರಣ ಬೆಳಕು. ಹಗಲು ಎಷ್ಟು ಉದ್ದ ಎಂಬುದರ ಮೇಲೆ ಹಕ್ಕಿಯ ಮಿದುಳು ಮೊಟ್ಟೆಯ ಹಾರ್ಮೋನುಗಳನ್ನು ಹತೋಟಿಯಲ್ಲಿ ಇಡುತ್ತದೆ. ಈ ಬೆಳಕನ್ನು ಹಕ್ಕಿ ಕಣ್ಣಿನಿಂದಷ್ಟೇ ಅಲ್ಲ, ತಲೆಬುರುಡೆ ದಾಟಿ ಮಿದುಳು ಮುಟ್ಟುವ ಬೆಳಕಿನಿಂದಲೂ ಅರಿಯುತ್ತದೆ ಎಂದು 1930ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಜಾಕ್ ಬೆನ್ವಾ ತೋರಿಸಿದ್ದು ಬಾತುಗಳ ಮೇಲೆ ಪ್ರಯೋಗ ಮಾಡಿಯೇ. ಮೊಟ್ಟೆ ಚೆನ್ನಾಗಿ ನಡೆಯಲು 14ರಿಂದ 16 ಗಂಟೆ ಬೆಳಕು ಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲೇ 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರಿನಲ್ಲಿ ಹನ್ನೊಂದೂವರೆಗೂ ಕಡಿಮೆ. ಸಂಜೆ ಎರಡು ಮೂರು ಗಂಟೆ ಗೂಡಿನಲ್ಲಿ ಒಂದು ಸಣ್ಣ ಬಲ್ಬು ಉರಿಸಿದರೆ ಈ ಕೊರತೆ ತುಂಬುತ್ತದೆ. ಮೊಟ್ಟೆಯನ್ನೇ ನಂಬಿದವರು ಹೀಗೆ ಮಾಡುತ್ತಾರೆ. ಮನೆಮಟ್ಟಿಗೆ ಸಾಕುವವರು ಚಳಿಗಾಲದಲ್ಲಿ ಬಾತಿಗೆ ಬಿಡುವು ಕೊಡುವುದೇ ಒಳ್ಳೆಯದು ಎಂದು ನನಗನಿಸುತ್ತದೆ.

ಜಾಗ ಬದಲಾಯಿಸಿದರೆ, ನಾಯಿ ಅಟ್ಟಿಸಿಕೊಂಡು ಹೋದರೆ, ಪಟಾಕಿ ಹೊಡೆದರೆ ಬಾತು ಹೆದರಿ ಕೆಲವು ದಿನ ಮೊಟ್ಟೆ ನಿಲ್ಲಿಸುತ್ತದೆ. ಒಂದು ದಿನ ನೀರು ಸಿಗದಿದ್ದರೂ ಸಾಕು. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಬಿಸಿಲ ಝಳಕ್ಕೆ ಬಾತು ಬಾಯಿ ತೆರೆದು ಏದುತ್ತದೆ, ಮೇವು ಬಿಡುತ್ತದೆ. ನೆರಳು, ತಣ್ಣನೆಯ ನೀರು ಇಟ್ಟು, ಮೇವನ್ನು ನಸುಕಿಗೂ ಸಂಜೆಗೂ ಹಾಕಿ.

ಕೂಡಲೇ ಕೈಹಾಕಬೇಕಾದದ್ದು ಮೊಟ್ಟೆ ಸಿಕ್ಕಿಕೊಂಡಾಗ. ಬಾತು ಒಂದು ಕಡೆ ನಿಂತು ಮತ್ತೆ ಮತ್ತೆ ತಿಣುಕುತ್ತದೆ, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ, ತಿನ್ನುವುದಿಲ್ಲ, ಕಾಲು ಅಗಲಿಸಿ ನಡೆಯುತ್ತದೆ. ಹೊಟ್ಟೆಯವರೆಗೆ ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಒರೆಸಿ, ಕತ್ತಲೆಯ ಬೆಚ್ಚನೆ ಜಾಗದಲ್ಲಿ ಬಿಡಿ. ಹೊಟ್ಟೆ ಒತ್ತಿ ಮೊಟ್ಟೆ ಹೊರತೆಗೆಯಲು ಹೋಗಬೇಡಿ, ಒಳಗೆ ಒಡೆದರೆ ಬಾತು ಉಳಿಯುವುದು ಕಷ್ಟ. ಕೆಲವು ಗಂಟೆಯಲ್ಲಿ ಇಡದಿದ್ದರೆ ಪಶುವೈದ್ಯರ ಬಳಿ ಒಯ್ಯಿರಿ, ಕ್ಯಾಲ್ಸಿಯಂ ಚುಚ್ಚುಮದ್ದಿನಿಂದ ಎಷ್ಟೋ ಬಾರಿ ದಾರಿಯಾಗುತ್ತದೆ.

ಹೆದರಬೇಕಾದ ಕಾಯಿಲೆಗಳು

ಬಾತು ಪ್ಲೇಗ್ ಹರ್ಪಿಸ್ ಗುಂಪಿನ ವೈರಸ್ಸಿನಿಂದ ಬರುತ್ತದೆ, ಮನುಷ್ಯರ ಪ್ಲೇಗಿಗೂ ಇದಕ್ಕೂ ಸಂಬಂಧವಿಲ್ಲ. ಬೆಳೆದ ಬಾತುಗಳೇ ಒಂದರ ಹಿಂದೊಂದು ಸಾಯುತ್ತವೆ. ರೆಪ್ಪೆ ಊದಿ ಕಣ್ಣಲ್ಲಿ ನೀರು, ಬೆಳಕು ಕಂಡರೆ ಆಗದು, ಹಸಿರು ಭೇದಿ, ಮೊಟ್ಟೆ ದಿಢೀರನೆ ಇಳಿಯುವುದು ಇದರ ಚಿಹ್ನೆಗಳು. ಬಂದ ಮೇಲೆ ಔಷಧಿ ಇಲ್ಲ, ಬರುವ ಮುಂಚೆ ಲಸಿಕೆ ಇದೆ. ಎರಡು ಮೂರು ತಿಂಗಳ ಮರಿಗೆ ಹಾಕಿಸಿ ವರ್ಷಕ್ಕೊಮ್ಮೆ ಮತ್ತೆ ಹಾಕಿಸುತ್ತಾರೆ. ಪಾಸ್ಚುರೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ಬಾತು ಕಾಲರಾಕ್ಕೂ ಲಸಿಕೆ ಇದೆ, ಬೇಗ ತೋರಿಸಿದರೆ ಔಷಧಿಯೂ ನಡೆಯುತ್ತದೆ. ಲಸಿಕೆಯ ಒಂದು ಸೀಸೆಯಲ್ಲಿ ಹಲವು ಹಕ್ಕಿಗಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ನಾಲ್ಕೇ ಬಾತು ಇರುವವರು ಊರಿನ ಉಳಿದವರ ಜೊತೆ ಸೇರಿಕೊಂಡು ಪಶು ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಕೊಂಡರೆ ಕೆಲಸ ಸಲೀಸು.

ಬೇಸಿಗೆಯಲ್ಲಿ ಹೊಂಡ ಬತ್ತಿ, ತಳದಲ್ಲಿ ಮೀನೋ ಎಲೆಯೋ ಕೊಳೆತಾಗ ಬೊಟುಲಿಸಂ ಬರುತ್ತದೆ. ಕೊಳೆತದ್ದರಲ್ಲಿ ಹುಟ್ಟಿದ ವಿಷ, ಅದನ್ನು ತಿಂದ ಹುಳು, ಹುಳು ತಿಂದ ಬಾತು, ಹೀಗೆ ಅದು ದಾಟುತ್ತದೆ. ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ಕತ್ತು ಸೋತು ತಲೆ ನೆಲಕ್ಕೆ ಬೀಳುತ್ತದೆ. ಕತ್ತು ಎತ್ತಲಾರದ ಬಾತನ್ನು ನೀರಿನಿಂದ ಹೊರಗೆ ತರದಿದ್ದರೆ ಮುಳುಗಿ ಸಾಯುತ್ತದೆ. ಸತ್ತ ಪ್ರಾಣಿಗಳನ್ನು ಆಗಾಗ ತೆಗೆದು ಆಳಕ್ಕೆ ಹೂಳುವುದೇ ಇದಕ್ಕೆ ಮದ್ದು.

ಇನ್ನು ಹಕ್ಕಿಜ್ವರ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರದಲ್ಲೇ ಕಾಣಿಸಿಕೊಂಡು ಅಲ್ಲಿನ ಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು. 2014ರಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಕಡೆಯ ಬಾತು ಹಿಂಡುಗಳಿಗೆ ಬಡಿಯಿತು. ಬಾತಿನ ವಿಷಯದಲ್ಲಿ ಕಷ್ಟವೇನೆಂದರೆ, ಕೆಲವೊಮ್ಮೆ ಅದು ತಾನು ಆರೋಗ್ಯವಾಗಿ ಕಾಣುತ್ತಲೇ ವೈರಸ್ಸನ್ನು ಕೋಳಿಗಳಿಗೆ ಹರಡುತ್ತದೆ. ಹಾಗಾಗಿ ಕೋಳಿ ಮತ್ತು ಬಾತನ್ನು ಒಂದೇ ಗೂಡಿನಲ್ಲಿ ಇಡಬೇಡಿ, ಕಾಡುಹಕ್ಕಿಗಳು ಬರುವ ನೀರಿನಿಂದ ಆದಷ್ಟು ದೂರ ಇಡಿ. ಹೊಸ ಬಾತು ತಂದರೆ ಎರಡು ಮೂರು ವಾರ ಬೇರೆಯೇ ಇರಲಿ. ಒಟ್ಟಿಗೆ ಹಲವು ಸತ್ತರೆ ಮುಟ್ಟದೆ, ಮಾರದೆ, ತಿನ್ನದೆ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಹಕ್ಕಿಯ ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ.

ಔಷಧಿ ಕೊಟ್ಟ ಮೇಲಿನ ಮೊಟ್ಟೆ

ಅಂಗಡಿಯಿಂದ ಆಂಟಿಬಯಾಟಿಕ್ ಪುಡಿ ತಂದು ನೀರಿಗೆ ಹಾಕುವ ರೂಢಿ ಹಲವು ಕಡೆ ಇದೆ. ವೈರಸ್ ಕಾಯಿಲೆಗೆ ಅದರಿಂದ ಏನೂ ಆಗುವುದಿಲ್ಲ, ಔಷಧಿಯ ಅಂಶ ಮಾತ್ರ ಮೊಟ್ಟೆಗೆ ಇಳಿಯುತ್ತದೆ. ಪಶುವೈದ್ಯರು ಔಷಧಿ ಬರೆದಾಗ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿ, ಅಷ್ಟು ದಿನದ ಮೊಟ್ಟೆ ಎಸೆಯಿರಿ. ಉಳಿದ ದಿನಗಳಲ್ಲೂ ಬಾತಿನ ಮೊಟ್ಟೆಯನ್ನು ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿಯೇ ತಿನ್ನಬೇಕು. ಒದ್ದೆ ನೆಲದ ಮೇಲೆ ಬಿದ್ದ ಮೊಟ್ಟೆಯ ಚಿಪ್ಪಿನ ಸಣ್ಣ ರಂಧ್ರಗಳಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಳಸೇರಬಹುದು. ಬಿರುಕು ಬಿಟ್ಟದ್ದನ್ನೂ, ಕೆಸರಿನಲ್ಲಿ ಎಷ್ಟು ಹೊತ್ತು ಬಿದ್ದಿತ್ತೋ ಗೊತ್ತಿಲ್ಲದ್ದನ್ನೂ ಅಡುಗೆಮನೆಗೆ ತರಬೇಡಿ.